ಹಾಬಿಟ್: ಬಿಲ್ಬೊನ ಕತೆ ಬಿಲ್ಬೊನ ಕೈತಪ್ಪಿದ್ದು ಎಲ್ಲಿ?

ಸಣ್ಣ ಪುಸ್ತಕವನ್ನು ಮೂರು ಸಿನಿಮಾ ಮಾಡಿ ಎಳೆದುಬಿಟ್ಟರು. 'ಹಾಬಿಟ್' ಸಿನಿಮಾಗಳ ಬಗ್ಗೆ ಯಾರನ್ನು ಕೇಳಿದರೂ ಮೊದಲು ಬರುವ ಮಾತು ಇದು. ಲೆಕ್ಕ ನೋಡಿದರೆ ಮಾತು ಸರಿಯೇ. 2012, 2013, 2014ರ ಡಿಸೆಂಬರ್‌ಗಳಲ್ಲಿ ಬಂದ ಮೂರೂ ಭಾಗ ಸೇರಿಸಿದರೆ ಎಂಟು ಗಂಟೆಗೆ ಸ್ವಲ್ಪವೇ ಕಡಿಮೆ. ಪುಸ್ತಕ 19 ಅಧ್ಯಾಯ, ಮುನ್ನೂರು ಪುಟದ ಆಸುಪಾಸು. ನಿಧಾನವಾಗಿ ಓದುವವರೂ ಸಿನಿಮಾ ಮುಗಿಯುವಷ್ಟು ಹೊತ್ತಿನಲ್ಲಿ ಪುಸ್ತಕದ ಬಹುಪಾಲು ಓದಿ ಮುಗಿಸಿರುತ್ತಾರೆ.

ಆದರೆ ಉದ್ದವೇ ತಪ್ಪು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಯಕ್ಷಗಾನ ನೋಡುವವರಿಗೆ ಇದು ಗೊತ್ತೇ ಇದೆ. ಪುರಾಣದಲ್ಲಿ ನಾಲ್ಕು ಪದ್ಯಕ್ಕೆ ಮುಗಿಯುವ ಸಂಗತಿ ರಂಗಸ್ಥಳದಲ್ಲಿ ಬೆಳಗಿನವರೆಗೂ ನಡೆಯುತ್ತದೆ, ಎಳೆದರು ಅಂತ ಯಾರೂ ಎದ್ದು ಹೋಗುವುದಿಲ್ಲ. ಯಾಕೆಂದರೆ ವೇಷಧಾರಿ ಆ ಪಾತ್ರದ ಒಳಗೇ ಇಳಿದು ಇಳಿದು ಅರ್ಥ ಹೇಳುತ್ತಾನೆ, ಕರ್ಣನ ಪ್ರಸಂಗ ಎಷ್ಟು ಹೊತ್ತು ನಡೆದರೂ ಅದು ಕರ್ಣನದ್ದೇ ಆಗಿ ಉಳಿಯುತ್ತದೆ. ಹಾಬಿಟ್ ವಿಷಯದಲ್ಲಿ ನಾನು ಕೇಳಬೇಕು ಅಂದುಕೊಂಡಿರುವುದು ಅದನ್ನೇ. ಎಂಟು ಗಂಟೆಯಲ್ಲಿ ಬಿಲ್ಬೊ ಬ್ಯಾಗಿನ್ಸ್‌ಗೆ ಸಿಕ್ಕಿದ್ದು ಎಷ್ಟು?

ಪುಸ್ತಕ ಓದದವರಿಗಾಗಿ ಎರಡು ಮಾತು. ಜೆ. ಆರ್. ಆರ್. ಟೋಲ್ಕಿನ್ ಆಕ್ಸ್‌ಫರ್ಡ್‌ನಲ್ಲಿ ಪ್ರೊಫೆಸರ್ ಆಗಿದ್ದರು. ತಮ್ಮ ಮಕ್ಕಳಿಗೆ ಹೇಳುತ್ತಿದ್ದ ಕತೆಯನ್ನೇ ಬರೆದಿಟ್ಟರು. ಪ್ರಕಾಶಕ ಸ್ಟಾನ್ಲಿ ಅನ್ವಿನ್ ಹಸ್ತಪ್ರತಿಯನ್ನು ತನ್ನ ಹತ್ತು ವರ್ಷದ ಮಗ ರೇನರ್‌ಗೆ ಓದಲು ಕೊಟ್ಟರು, ಹುಡುಗ ಒಂದು ಶಿಲ್ಲಿಂಗ್ ತೆಗೆದುಕೊಂಡು ಚೆನ್ನಾಗಿದೆ ಅಂತ ಬರೆದುಕೊಟ್ಟ. 1937ರ ಸೆಪ್ಟೆಂಬರ್ 21ರಂದು ಪುಸ್ತಕ ಬಂತು, ಮೊದಲ ಮುದ್ರಣ 1500 ಪ್ರತಿ, ಆ ವರ್ಷ ಮುಗಿಯುವುದರೊಳಗೆ ಎಲ್ಲಾ ಖರ್ಚಾಯಿತು. ಕತೆ ಸರಳ. ಮನೆ, ಊಟ, ಚಹಾ ಬಿಟ್ಟು ಹೊರಗೆ ಹೋಗಲು ಇಷ್ಟವಿಲ್ಲದ ಬಿಲ್ಬೊ ಅನ್ನುವ ಹಾಬಿಟ್‌ನ (ಮನುಷ್ಯರ ಅರ್ಧದಷ್ಟು ಎತ್ತರದ ಜನ ಇವರು) ಮನೆಗೆ ಮಂತ್ರವಾದಿ ಗ್ಯಾಂಡಾಲ್ಫ್ ಹದಿಮೂರು ಜನ ಡ್ವಾರ್ಫ್‌ಗಳನ್ನು, ಅಂದರೆ ಗಡ್ಡದ ಕುಳ್ಳ ಜನರನ್ನು, ಕಳಿಸುತ್ತಾನೆ. ಅವರ ನಾಯಕ ಥೋರಿನ್. ಒಂಟಿ ಪರ್ವತದಲ್ಲಿ ಅವರ ಚಿನ್ನದ ಮೇಲೆ ಸ್ಮಾಗ್ ಅನ್ನುವ ಡ್ರ್ಯಾಗನ್ ಮಲಗಿದೆ, ಅದನ್ನು ವಾಪಸ್ ತರಲು ಒಬ್ಬ ಕಳ್ಳ ಬೇಕು. ಆ ಕಳ್ಳನ ಕೆಲಸ ಬಿಲ್ಬೊನ ತಲೆಗೆ ಬೀಳುತ್ತದೆ. ದಾರಿಯಲ್ಲಿ ಗುಹೆಯೊಂದರಲ್ಲಿ ಅವನಿಗೆ ಒಂದು ಉಂಗುರ ಸಿಗುತ್ತದೆ. ಹಾಕಿಕೊಂಡರೆ ಕಾಣಿಸುವುದಿಲ್ಲ, ಅಷ್ಟೇ ಅದರ ಮಹಿಮೆ.

1937ರಲ್ಲಿ ನಿಜಕ್ಕೂ ಅಷ್ಟೇ ಇತ್ತು. ಪ್ರಕಾಶಕರು ಮುಂದಿನ ಭಾಗ ಬೇಕು ಅಂದರು, ಟೋಲ್ಕಿನ್ ಅದೇ ಡಿಸೆಂಬರ್‌ನಲ್ಲಿ ಬರೆಯಲು ಕೂತರು, ಕೂತವರು ಎದ್ದದ್ದು ಎಷ್ಟೋ ವರ್ಷದ ನಂತರ. ಆ ಕತೆ 'ಲಾರ್ಡ್ ಆಫ್ ದಿ ರಿಂಗ್ಸ್' ಆಗಿ 1954 ಮತ್ತು 1955ರಲ್ಲಿ ಮೂರು ಸಂಪುಟಗಳಲ್ಲಿ ಹೊರಬಂತು. ಅಷ್ಟರಲ್ಲಿ ಆ ಪುಟ್ಟ ಉಂಗುರ ಇಡೀ ಲೋಕವನ್ನೇ ನಾಶ ಮಾಡಬಲ್ಲ ವಸ್ತು ಆಗಿಬಿಟ್ಟಿತ್ತು. ಆಗ ಹಳೇ ಪುಸ್ತಕದಲ್ಲಿ ಒಂದು ತೊಡಕು ಕಾಣಿಸಿತು. ಮೊದಲ ಮುದ್ರಣದಲ್ಲಿ ಆ ಗುಹೆಯಲ್ಲಿರುವ ಗಾಲಮ್ ಅನ್ನುವ ಜೀವಿ ಬಿಲ್ಬೊ ಜೊತೆ ಆಡುವ ಒಗಟಿನ ಆಟಕ್ಕೆ ಆ ಉಂಗುರವನ್ನೇ ಬಹುಮಾನವಾಗಿ ಇಟ್ಟಿರುತ್ತಾನೆ! ಸೋತ ಮೇಲೆ ಅದನ್ನು ಕೊಡಲು ಹುಡುಕುತ್ತಾನೆ, ಸಿಗುವುದಿಲ್ಲ, ಕ್ಷಮಿಸು ಅಂತ ಕೇಳಿ ಬಿಲ್ಬೊಗೆ ಹೊರಗಿನ ದಾರಿ ತೋರಿಸುತ್ತಾನೆ. ಯಾರನ್ನು ಬೇಕಾದರೂ ತನ್ನ ಗುಲಾಮ ಮಾಡಿಕೊಳ್ಳುವ ಉಂಗುರವನ್ನು ಯಾರಾದರೂ ಹೀಗೆ ಬಹುಮಾನ ಇಡುತ್ತಾರಾ?

1947ರಲ್ಲಿ ಟೋಲ್ಕಿನ್ ಆ ಅಧ್ಯಾಯವನ್ನು ತಿದ್ದಿ ಪ್ರಕಾಶಕರಿಗೆ ಕಳಿಸಿದರು. ಹೀಗೆ ಮಾಡಬಹುದು ಅಂತ ತೋರಿಸುವ ಮಾದರಿ ಅದು. ಪ್ರಕಾಶಕರು 1951ರ ಮುದ್ರಣದಲ್ಲಿ ಅದನ್ನೇ ಹಾಕಿಬಿಟ್ಟರು. ಈಗ ನಾವು ಓದುವುದು ಈ ತಿದ್ದಿದ ಅಧ್ಯಾಯವನ್ನು, ಉಂಗುರ ಕಳೆದುಕೊಂಡ ಗಾಲಮ್ ಕತ್ತಲಲ್ಲಿ ಕಿರುಚುವುದನ್ನು. ಹಾಗಾದರೆ ಹಳೇ ಕತೆ? ಅದು ಬಿಲ್ಬೊ ಹೇಳಿದ ಸುಳ್ಳು ಅಂದರು ಟೋಲ್ಕಿನ್. ಉಂಗುರ ನ್ಯಾಯವಾಗಿ ನನ್ನದೇ ಅಂತ ತೋರಿಸಿಕೊಳ್ಳಲು ಅವನು ಕಟ್ಟಿದ ಕತೆ ಅದು, ಪ್ರಾಮಾಣಿಕ ಹಾಬಿಟ್ ಒಬ್ಬ ಹಾಗೆ ಸುಳ್ಳು ಹೇಳಿದ್ದೇ ಉಂಗುರದ ಕೆಟ್ಟ ಪ್ರಭಾವದ ಮೊದಲ ಗುರುತು. ಎಂಥ ಜಾಣತನ! ಹಳೇ ತಪ್ಪನ್ನು ಮುಚ್ಚಲಿಲ್ಲ, ಅದನ್ನೇ ಕತೆಯ ಒಳಕ್ಕೆ ತಂದುಕೊಂಡರು.

ಅಂದರೆ ಹಾಬಿಟ್ ಅನ್ನು ಮೊದಲು ಪ್ರೀಕ್ವೆಲ್ (ದೊಡ್ಡ ಕತೆಯ ಹಿಂದಿನ ಕತೆ) ಮಾಡಿದವರು ಸಿನಿಮಾದವರಲ್ಲ, ಟೋಲ್ಕಿನ್ ಅವರೇ. ಅವರು ಇನ್ನೂ ಮುಂದಕ್ಕೆ ಹೋಗಲು ನೋಡಿದರು ಕೂಡ. 1960ರಲ್ಲಿ ಇಡೀ ಪುಸ್ತಕವನ್ನು ದೊಡ್ಡ ಕತೆಯ ಗಂಭೀರ ಧಾಟಿಯಲ್ಲಿ ಮತ್ತೆ ಬರೆಯಲು ಶುರು ಮಾಡಿದರು. ಪ್ರಯಾಣದ ದಿನಗಳು, ದೂರಗಳು, ಚಂದ್ರನ ಕಲೆಗಳು ಎಲ್ಲಾ ಲೆಕ್ಕಕ್ಕೆ ಸರಿಹೊಂದಬೇಕು, ಮಕ್ಕಳನ್ನು ಉದ್ದೇಶಿಸಿ ನಡುನಡುವೆ ಮಾತಾಡುವ ನಿರೂಪಕ ಹೋಗಬೇಕು. ಮೊದಲ ಕೆಲವು ಅಧ್ಯಾಯ ಆಯಿತು. ಓದಿದ ಸ್ನೇಹಿತರೊಬ್ಬರು ಚೆನ್ನಾಗಿದೆ, ಆದರೆ ಇದು ಹಾಬಿಟ್ ಅಲ್ಲ ಅಂದರಂತೆ. ಟೋಲ್ಕಿನ್ ಅಲ್ಲಿಗೇ ಕೈಬಿಟ್ಟರು. ಆ ಹಾಳೆಗಳು ಹಾಗೇ ಉಳಿದು, 2007ರಲ್ಲಿ ಜಾನ್ ರೇಟ್‌ಲಿಫ್ ಅವರ ಸಂಶೋಧನಾ ಗ್ರಂಥದಲ್ಲಿ ಅಚ್ಚಾದವು.

ಸಿನಿಮಾ ಬಗ್ಗೆ ಯೋಚಿಸುವಾಗಲೆಲ್ಲಾ ನನಗೆ ಈ 1960 ನೆನಪಾಗುತ್ತದೆ. ಆ ಲೋಕವನ್ನು ಕಟ್ಟಿದ ಮನುಷ್ಯನೇ ಒಂದು ಅಧ್ಯಾಯ ತಿದ್ದಿ, ಇನ್ನೂ ಒಂದಷ್ಟು ತಿದ್ದಲು ಹೋಗಿ, ಇಲ್ಲ, ಇದನ್ನು ಮುಟ್ಟಿದರೆ ಕೆಡುತ್ತದೆ ಅಂತ ನಿಲ್ಲಿಸಿದರು. ಸಿನಿಮಾದವರು ನಿಲ್ಲಿಸಲಿಲ್ಲ.

ಅವರಿಗೆ ನಿಲ್ಲಿಸುವುದು ಕಷ್ಟವೂ ಇತ್ತು, ಅದನ್ನೂ ಹೇಳಬೇಕು. ಪೀಟರ್ ಜಾಕ್ಸನ್ ಅವರ ಲಾರ್ಡ್ ಆಫ್ ದಿ ರಿಂಗ್ಸ್ 2001ರಿಂದ 2003ರವರೆಗೆ ಬಂದು ಜಗತ್ತನ್ನೇ ಗೆದ್ದಿತ್ತು, ಮೂರನೇ ಭಾಗಕ್ಕೆ ಒಂದೇ ಸಲ ಹನ್ನೊಂದು ಆಸ್ಕರ್ ಬಂದಿದ್ದವು. ಆಮೇಲೆ ಹಾಬಿಟ್ ಮಾಡಿದರೆ ನೋಡುವವರು ಅದೇ ಗಾತ್ರವನ್ನೇ ಕಾಯುತ್ತಾರೆ. ಮೊದಲು ದೊಡ್ಡ ಯುದ್ಧ ತೋರಿಸಿ, ಆಮೇಲೆ ಅದರ ಅರವತ್ತು ವರ್ಷ ಹಿಂದಿನ ಮಕ್ಕಳ ಕತೆ ತೋರಿಸುವುದು ಸುಲಭವಲ್ಲ. ಪುಸ್ತಕ ಬಂದ ಕ್ರಮ ಚಿಕ್ಕದರಿಂದ ದೊಡ್ಡದಕ್ಕೆ, ಸಿನಿಮಾ ಬಂದ ಕ್ರಮ ತಿರುಗುಮುರುಗು. ಗಂಟು ಬಿದ್ದಿದ್ದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ.

ಹಕ್ಕುಗಳ ಜಗಳ ಬೇರೆ. ಟೋಲ್ಕಿನ್ 1969ರಲ್ಲಿ ಎರಡೂ ಪುಸ್ತಕಗಳ ಸಿನಿಮಾ ಹಕ್ಕನ್ನು ಯುನೈಟೆಡ್ ಆರ್ಟಿಸ್ಟ್ಸ್‌ಗೆ ಮಾರಿದ್ದರು. ಅಲ್ಲಿಂದ ಅದು ಕೈಯಿಂದ ಕೈಗೆ ಹೋಗಿ, ಹಾಬಿಟ್ ಸಿನಿಮಾವನ್ನು ಹಂಚುವ ಹಕ್ಕು ಒಂದು ಕಡೆ, ತಯಾರಿಸುವ ಹಕ್ಕು ಇನ್ನೊಂದು ಕಡೆ ಸೇರಿತ್ತು. ಇನ್ನೊಂದು ಸಂಗತಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಟೋಲ್ಕಿನ್ ತೀರಿಕೊಂಡ ಮೇಲೆ ಅವರ ಮಗ ಕ್ರಿಸ್ಟೊಫರ್ ಅಚ್ಚು ಮಾಡಿಸಿದ ಪುಸ್ತಕಗಳು ಆ ಮಾರಾಟದಲ್ಲಿ ಸೇರಿರಲಿಲ್ಲ. ಸಿನಿಮಾದವರು ಮುಟ್ಟಬಹುದಾಗಿದ್ದು ಹಾಬಿಟ್ ಮತ್ತು ಲಾರ್ಡ್ ಆಫ್ ದಿ ರಿಂಗ್ಸ್, ಅದರ ಕೊನೆಯ ಅನುಬಂಧಗಳ ಸಮೇತ. ಮೊದಲ ಭಾಗದಲ್ಲಿ ಗ್ಯಾಂಡಾಲ್ಫ್ ಐದು ಜನ ಮಂತ್ರವಾದಿಗಳ ಬಗ್ಗೆ ಹೇಳುತ್ತಾ, ಇಬ್ಬರು ನೀಲಿ ಮಂತ್ರವಾದಿಗಳ ಹೆಸರು ಮರೆತೇಹೋಗಿದೆ ಅನ್ನುತ್ತಾನಲ್ಲ, ಆ ಎರಡು ಹೆಸರು ಇರುವುದು ಕ್ರಿಸ್ಟೊಫರ್ 1980ರಲ್ಲಿ ತಂದ ಸಂಗ್ರಹದಲ್ಲಿ, ಅದನ್ನು ಸಿನಿಮಾದವರು ಮುಟ್ಟುವಂತಿರಲಿಲ್ಲ. ಟೋಲ್ಕಿನ್ ಓದಿದವರು ಆ ಮಾತನ್ನು ಥಟ್ಟನೆ ಹಿಡಿದರು.

2008ರಲ್ಲಿ ನಿರ್ದೇಶಕ ಅಂತ ಘೋಷಣೆ ಆದದ್ದು ಜಾಕ್ಸನ್ ಅಲ್ಲ, ಮೆಕ್ಸಿಕೋದ ಗಿಯೆರ್ಮೊ ಡೆಲ್ ಟೊರೊ. ಅವರು ನ್ಯೂಜಿಲೆಂಡ್‌ಗೆ ಹೋಗಿ ಚಿತ್ರ ಬಿಡಿಸುತ್ತಾ, ಬರೆಯುತ್ತಾ ಕೂತರು. ಈ ಕಡೆ ಹಂಚುವ ಹಕ್ಕಿದ್ದ ಎಂಜಿಎಂ ಕಂಪನಿ ಸಾಲದಲ್ಲಿ ಮುಳುಗುತ್ತಿತ್ತು, ಸಿನಿಮಾಗೆ ಒಪ್ಪಿಗೆಯ ಮುದ್ರೆ ಬೀಳುತ್ತಿರಲಿಲ್ಲ. ಕಾದು ಕಾದು 2010ರ ಮೇ ಕೊನೆಯಲ್ಲಿ ಡೆಲ್ ಟೊರೊ ಹೊರಬಂದರು. ಅಕ್ಟೋಬರ್‌ನಲ್ಲಿ ಜಾಕ್ಸನ್ ಅವರೇ ನಿರ್ದೇಶನ ವಹಿಸಿಕೊಂಡರು. ಅದೇ ಹೊತ್ತಿಗೆ ನಟರ ಸಂಘದ ಜೊತೆ ತಕರಾರು ಎದ್ದು, ಸಿನಿಮಾ ನ್ಯೂಜಿಲೆಂಡ್ ಬಿಟ್ಟು ಹೋಗಬಹುದು ಅನ್ನುವ ಭಯಕ್ಕೆ ಅಲ್ಲಿನ ಸರ್ಕಾರ ಸಿನಿಮಾ ಕೆಲಸಗಾರರ ಕಾನೂನನ್ನೇ ಬದಲಾಯಿಸಿತು. ಒಂದು ಸಿನಿಮಾಗಾಗಿ ದೇಶವೊಂದರ ಕಾರ್ಮಿಕ ಕಾನೂನು ಬದಲಾಗುವುದು ನನಗೆ ಈಗಲೂ ಸರಿ ಕಾಣುವುದಿಲ್ಲ. 2011ರ ಮಾರ್ಚ್ 21ಕ್ಕೆ ಶೂಟಿಂಗ್ ಶುರು.

ಲಾರ್ಡ್ ಆಫ್ ದಿ ರಿಂಗ್ಸ್‌ಗೆ ಜಾಕ್ಸನ್ ವರ್ಷಗಟ್ಟಲೆ ತಯಾರಿ ಮಾಡಿದ್ದರು. ಇಲ್ಲಿ ಅದು ಸಿಗಲಿಲ್ಲ. ಡೆಲ್ ಟೊರೊ ಮಾಡಿಟ್ಟ ವಿನ್ಯಾಸ ಬೇರೆಯವರ ಕಣ್ಣಿನದು, ಅದನ್ನು ಹಾಗೇ ಬಳಸಲು ಆಗುವುದಿಲ್ಲ, ಹೊಸದು ಮಾಡಲು ಸಮಯವಿಲ್ಲ. ಮೂರನೇ ಭಾಗದ ಡಿಸ್ಕ್ ಜೊತೆ ಬಂದ ಸಾಕ್ಷ್ಯಚಿತ್ರದಲ್ಲಿ ಜಾಕ್ಸನ್ ಇದನ್ನು ಏನೂ ಮುಚ್ಚಿಡದೆ ಹೇಳಿದ್ದಾರೆ. ಬೆಳಿಗ್ಗೆ ಸೆಟ್‌ಗೆ ಹೋದಾಗ ಇವತ್ತು ಏನು ತೆಗೆಯುತ್ತೇನೆ ಅಂತ ಪೂರ್ತಿ ಗೊತ್ತಿರುತ್ತಿರಲಿಲ್ಲವಂತೆ, ಸ್ಟೋರಿಬೋರ್ಡ್ ಇಲ್ಲದೆ ಅಲ್ಲಲ್ಲೇ ಯೋಚಿಸಿ ತೆಗೆದರಂತೆ. ಕೊನೆಯ ಯುದ್ಧವಂತೂ ಹೇಗೆ ಅಂತ ಹೊಳೆಯದೆ, 2012ರಲ್ಲಿ ನಿಲ್ಲಿಸಿ ಮರುವರ್ಷಕ್ಕೆ ಹಾಕಿದರು. ಇಷ್ಟು ದೊಡ್ಡ ನಿರ್ದೇಶಕ ಇಷ್ಟು ಸೀದಾ ಮಾತಾಡಿದ್ದು ನೋಡಿ ನನಗೆ ಅವರ ಮೇಲೆ ಗೌರವ ಜಾಸ್ತಿಯೇ ಆಯಿತು.

ತಂತ್ರಜ್ಞಾನದ ಭಾರವೂ ಕಮ್ಮಿ ಇರಲಿಲ್ಲ. ಸಾಮಾನ್ಯ ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಇದು 48, ಅದರ ಮೇಲೆ ತ್ರೀಡಿ. ಹಳೇ ಸಿನಿಮಾಗಳಲ್ಲಿ ಗ್ಯಾಂಡಾಲ್ಫ್ ಎತ್ತರ, ಹಾಬಿಟ್ ಕುಳ್ಳ ಅಂತ ತೋರಿಸಲು ಒಬ್ಬರನ್ನು ಕ್ಯಾಮೆರಾ ಹತ್ತಿರ, ಇನ್ನೊಬ್ಬರನ್ನು ದೂರ ಕೂರಿಸುತ್ತಿದ್ದರು. ಒಂದೇ ಕಣ್ಣಿನ ಕ್ಯಾಮೆರಾಗೆ ಆ ದೂರ ಗೊತ್ತಾಗುವುದಿಲ್ಲ. ತ್ರೀಡಿಯಲ್ಲಿ ಎರಡು ಕ್ಯಾಮೆರಾ, ದೂರ ಕೂಡಲೇ ಕಂಡುಬಿಡುತ್ತದೆ. ಹಾಗಾಗಿ ಡ್ವಾರ್ಫ್‌ಗಳು ಒಂದು ಸೆಟ್‌ನಲ್ಲಿ, ಗ್ಯಾಂಡಾಲ್ಫ್ ಪಕ್ಕದ ಹಸಿರು ಪರದೆಯ ಸೆಟ್‌ನಲ್ಲಿ ಒಬ್ಬರೇ. ಎಪ್ಪತ್ತು ದಾಟಿದ ಇಯಾನ್ ಮೆಕೆಲನ್, ಜೀವನಪೂರ್ತಿ ನಾಟಕದಲ್ಲಿ ಎದುರಿನವರ ಕಣ್ಣು ನೋಡಿ ಮಾತಾಡಿದವರು, ಡ್ವಾರ್ಫ್‌ಗಳ ಫೋಟೋಗಳ ಮುಂದೆ ಕೂತು ಮಾತು ಹೇಳಬೇಕಾಯಿತು. ಅವರು ಅತ್ತುಬಿಟ್ಟರು. ನಟನಾಗಿದ್ದು ಇದಕ್ಕಲ್ಲ ಅನ್ನಿಸಿತು ಅಂತ ಆಮೇಲೆ ಅವರೇ ಹೇಳಿಕೊಂಡಿದ್ದಾರೆ.

ಇಷ್ಟೆಲ್ಲದರ ನಡುವೆಯೂ ಸಿನಿಮಾದಲ್ಲಿ ತುಂಬಾ ಒಳ್ಳೆಯ ಭಾಗಗಳಿವೆ, ಅವು ನಿಜವಾಗಿ ಒಳ್ಳೆಯವು. ಪುಸ್ತಕದಲ್ಲಿ ಹದಿಮೂರು ಡ್ವಾರ್ಫ್‌ಗಳಲ್ಲಿ ನಾಲ್ಕೈದು ಜನ ಬಿಟ್ಟರೆ ಉಳಿದವರು ಬರೀ ಹೆಸರು, ಟೊಪ್ಪಿಗೆಯ ಬಣ್ಣ, ಅಷ್ಟೇ. ಸಿನಿಮಾ ಒಬ್ಬೊಬ್ಬರಿಗೂ ಬೇರೆ ಬೇರೆ ಗಡ್ಡ, ಮೈಕಟ್ಟು, ನಡಿಗೆ ಕೊಟ್ಟಿತು. ಮೊದಲ ಭಾಗದಲ್ಲಿ ಅವರೆಲ್ಲ ಬಿಲ್ಬೊನ ಉಗ್ರಾಣ ಖಾಲಿ ಮಾಡಿ, ತಟ್ಟೆಗಳನ್ನು ಎಸೆದಾಡಿ, ಆಮೇಲೆ ಒಲೆಯ ಮುಂದೆ ನಿಂತು ಕಳೆದುಹೋದ ಮನೆಯ ಬಗ್ಗೆ ಹಾಡುತ್ತಾರಲ್ಲ, ಅದನ್ನು ನಾನು ಎಷ್ಟು ಸಲ ಬೇಕಾದರೂ ನೋಡುತ್ತೇನೆ. ನಿಧಾನ ಇದೆ, ಹೌದು. ಆದರೆ ಆ ನಿಧಾನ ಬಿಲ್ಬೊನದು, ಅವನ ಮನೆಯದು.

ಬಿಲ್ಬೊ ಆಗಿದ್ದ ಮಾರ್ಟಿನ್ ಫ್ರೀಮನ್ ಬಗ್ಗೆ ಏನು ಹೇಳಲಿ? ಅವರು ಆಗ ಬಿಬಿಸಿಯ ಧಾರಾವಾಹಿಗೆ ದಿನ ಕೊಟ್ಟಿದ್ದರು. ಬೇರೆ ಯಾರೂ ಬೇಡ ಅಂತ ಜಾಕ್ಸನ್ ಇಡೀ ಶೂಟಿಂಗನ್ನೇ ನಡುವೆ ನಿಲ್ಲಿಸಿ ಅವರನ್ನು ಕಳಿಸಿಕೊಟ್ಟರು. ನಿರ್ಧಾರ ಸರಿಯಾಗಿತ್ತು. ಹುಬ್ಬು ಒಂಚೂರು ಎತ್ತಿ, ಮೂಗು ಅಲ್ಲಾಡಿಸಿ, ಏನೋ ಹೇಳಲು ಹೋಗಿ ನುಂಗಿಕೊಳ್ಳುವ ಆ ಬಿಲ್ಬೊನೇ ನಾನು ಓದಿದ ಬಿಲ್ಬೊ.

ಶೂಟಿಂಗ್ ಶುರುವಾದದ್ದೇ ಒಗಟಿನ ದೃಶ್ಯದಿಂದ. ಗಾಲಮ್ ಆಗಿ ಆಂಡಿ ಸರ್ಕಿಸ್, ಎದುರಿಗೆ ಫ್ರೀಮನ್. ಮಧ್ಯೆ ಕಟ್ ಮಾಡದೆ ಉದ್ದುದ್ದಕ್ಕೆ ನಾಟಕದ ಹಾಗೆ ಆಡಿಸಿ ತೆಗೆದರು. ಒಂದು ಗುಹೆ, ಒಂದು ಕೊಳ, ಇಬ್ಬರು, ಒಂದಷ್ಟು ಒಗಟು. ಒಬ್ಬ ತಿನ್ನಬೇಕು ಅಂತಿದ್ದಾನೆ, ಇನ್ನೊಬ್ಬ ಬದುಕಬೇಕು ಅಂತಿದ್ದಾನೆ. ಕೊನೆಗೆ ಕಾಣದ ಬಿಲ್ಬೊ ಕತ್ತಿ ಎತ್ತಿ, ಗಾಲಮ್‌ನ ಮುಖ ನೋಡಿ, ಹೊಡೆಯದೆ ಇಳಿಸುತ್ತಾನೆ. ಅವನು ಆಗ ಕರುಣೆ ತೋರಿಸಿದ್ದರಿಂದಲೇ ಮುಂದಿನ ದೊಡ್ಡ ಕತೆ ನಡೆಯುತ್ತದೆ, ಅದನ್ನು ಹೇಳಲು ಜಾಕ್ಸನ್‌ಗೆ ಒಂದೂ ಮಾತು ಬೇಕಾಗಲಿಲ್ಲ. ಮೂರೂ ಸಿನಿಮಾದಲ್ಲಿ ಇದಕ್ಕಿಂತ ಚೆನ್ನಾಗಿರುವ ದೃಶ್ಯ ಇನ್ನೊಂದಿಲ್ಲ. ಇದು ಯಾವ ಅಧ್ಯಾಯ ನೋಡಿ. ಟೋಲ್ಕಿನ್ 1947ರಲ್ಲಿ ತಿದ್ದಿದ ಅದೇ ಅಧ್ಯಾಯ! ಎರಡು ಪುಸ್ತಕಗಳು ನಿಜವಾಗಿ ಕೂಡುವ ಜಾಗ ಇದು, ಪ್ರೀಕ್ವೆಲ್‌ಗೆ ಬೇಕಾದ್ದೆಲ್ಲಾ ಇಲ್ಲೇ ಇತ್ತು.

ಆದರೆ ಸಾಲಲಿಲ್ಲ. ಮೊದಲು ಎರಡೇ ಭಾಗ ಅಂತ ಇತ್ತು. 2012ರ ಜುಲೈನಲ್ಲಿ ಮುಖ್ಯ ಶೂಟಿಂಗ್ ಮುಗಿಯಿತು, ಅದೇ ತಿಂಗಳ ಕೊನೆಗೆ ಮೂರು ಭಾಗ ಅಂತ ಘೋಷಿಸಿದರು. ಜಾಗ ತುಂಬಲು ಅನುಬಂಧಗಳು ಇದ್ದವು. ಗ್ಯಾಂಡಾಲ್ಫ್ ಪುಸ್ತಕದ ನಡುವೆ ಡ್ವಾರ್ಫ್‌ಗಳನ್ನು ಮರ್ಕ್‌ವುಡ್ ಕಾಡಿನ ಅಂಚಿನಲ್ಲಿ ಬಿಟ್ಟು, ಬೇರೆ ಕೆಲಸ ಇದೆ ಅಂತ ಹೊರಟುಬಿಡುತ್ತಾನೆ. ನೆಕ್ರೋಮ್ಯಾನ್ಸರ್ ಅನ್ನುವ ದುಷ್ಟನನ್ನು ಕಾಡಿನ ದಕ್ಷಿಣದ ಕೋಟೆಯಿಂದ ಓಡಿಸಿ ಬಂದ ಅಂತ ಕೊನೆಯಲ್ಲಿ ಒಂದೆರಡು ವಾಕ್ಯದಲ್ಲಿ ಗೊತ್ತಾಗುತ್ತದೆ. ಆ ನೆಕ್ರೋಮ್ಯಾನ್ಸರ್ ಮುಂದಿನ ಪುಸ್ತಕದ ಮುಖ್ಯ ಖಳ ಸೌರಾನ್. ಸಿನಿಮಾದವರಿಗೆ ಇದು ಸಿಕ್ಕಿದ ಮೇಲೆ ಬಿಡುತ್ತಾರಾ? ಲಾರ್ಡ್ ಆಫ್ ದಿ ರಿಂಗ್ಸ್‌ನ ಗಲಾಡ್ರಿಯೆಲ್ ಬಂದಳು, ಸಾರುಮನ್ ಬಂದ, ಎಲ್ರಾಂಡ್ ಬಂದ. ಪುಸ್ತಕದಲ್ಲಿ ಬರೀ ಹೆಸರು ಬರುವ ಮಂತ್ರವಾದಿ ರಾಡಗಾಸ್ಟ್ ಮೊಲಗಳು ಎಳೆಯುವ ಗಾಡಿಯಲ್ಲಿ ಬಂದ.

ಗ್ಯಾಂಡಾಲ್ಫ್ ಎಲ್ಲಿ ಹೋದ ಅನ್ನುವ ಕುತೂಹಲ ನನಗೂ ಇತ್ತು. ಆದರೆ ಪುಸ್ತಕದಲ್ಲಿ ಅವನು ಹೋಗುವುದಕ್ಕೆ ಒಂದು ಕಾರಣ ಇದೆ. ಅವನು ಇದ್ದಷ್ಟು ದಿನ ಟ್ರೋಲ್‌ಗಳಿಂದ ಬಿಡಿಸುವವನು ಅವನೇ, ಗಾಬ್ಲಿನ್‌ಗಳಿಂದ ಬಿಡಿಸುವವನೂ ಅವನೇ. ಅವನು ಹೋದ ಮೇಲೆ ಬಿಲ್ಬೊ ಬೆಳೆಯುತ್ತಾನೆ. ಮರ್ಕ್‌ವುಡ್‌ನಲ್ಲಿ ದೊಡ್ಡ ಜೇಡಗಳು ಡ್ವಾರ್ಫ್‌ಗಳನ್ನು ಸುತ್ತಿ ನೇತುಹಾಕಿದಾಗ ಬಿಲ್ಬೊ ಒಬ್ಬನೇ ಒಂದು ಜೇಡವನ್ನು ಕೊಂದು, ತನ್ನ ಕತ್ತಿಗೆ ಹೆಸರಿಟ್ಟು, ಉಂಗುರ ಹಾಕಿಕೊಂಡು, ಹಾಡು ಕಟ್ಟಿ ಜೇಡಗಳನ್ನು ಹೀಯಾಳಿಸಿ ದೂರ ಕರೆದೊಯ್ದು, ವಾಪಸ್ ಬಂದು ಒಬ್ಬೊಬ್ಬರನ್ನೇ ಬಿಡಿಸುತ್ತಾನೆ. ಸಿನಿಮಾದಲ್ಲಿ ಶುರು ಹೀಗೇ ಇದೆ. ಆದರೆ ಕೆಲಸ ಮುಗಿಸುವುದು ಹಾರಿ ಬರುವ ಎಲ್ಫ್‌ಗಳು, ಅಂದರೆ ಆ ಕಾಡಿನ ಅಮರ ಜನ, ಲೆಗೊಲಸ್ ಮತ್ತು ಟಾರಿಯೆಲ್.

ಇದನ್ನು ಗಮನಿಸಿದ ಮೇಲೆ ಸಿನಿಮಾದ ಉದ್ದಕ್ಕೂ ನನಗೆ ಇದೇ ಕಾಣಿಸತೊಡಗಿತು. ಎಲ್ಫ್ ರಾಜನ ಸೆರೆಯಿಂದ ತಪ್ಪಿಸಿಕೊಳ್ಳುವುದನ್ನೇ ತೆಗೆದುಕೊಳ್ಳಿ. ಪುಸ್ತಕದಲ್ಲಿ ಬಿಲ್ಬೊ ವಾರಗಟ್ಟಲೆ ಕಾಣದಂತೆ ಅರಮನೆಯಲ್ಲಿ ಓಡಾಡಿ, ಕದ್ದು ತಿಂದು, ಖಾಲಿ ಪೀಪಾಯಿಗಳನ್ನು ನದಿಗೆ ಬಿಡುವ ಕ್ರಮ ಕಂಡುಹಿಡಿದು, ಡ್ವಾರ್ಫ್‌ಗಳನ್ನು ಒಳಗೆ ತುಂಬಿ ಮುಚ್ಚಳ ಹಾಕಿ, ತಾನು ಒಂದು ಪೀಪಾಯಿಯ ಮೇಲೆ ಚಳಿಯಲ್ಲಿ ನಡುಗುತ್ತಾ ತೇಲಿಹೋಗುತ್ತಾನೆ. ಯಾರಿಗೂ ಗೊತ್ತೇ ಆಗುವುದಿಲ್ಲ, ಅದೇ ಅದರ ಸೊಗಸು. ಕಳ್ಳ ಅಂತ ಕರೆತಂದವನು ಕೊನೆಗೂ ಕಳ್ಳನಾದ. ಸಿನಿಮಾದಲ್ಲಿ ಪೀಪಾಯಿಗಳ ಬಾಯಿ ತೆರೆದಿದೆ, ದಡದ ಎರಡೂ ಕಡೆ ಆರ್ಕ್ ಅನ್ನುವ ಕ್ರೂರ ಜೀವಿಗಳು ಬಾಣ ಬಿಡುತ್ತಿದ್ದಾರೆ, ಲೆಗೊಲಸ್ ಡ್ವಾರ್ಫ್‌ಗಳ ತಲೆಯ ಮೇಲೆ ಕಾಲಿಟ್ಟು ಜಿಗಿಯುತ್ತಾ ಹೋಗುತ್ತಾನೆ. ನೋಡಲು ಮಜವಾಗಿದೆ. ಬಿಲ್ಬೊ ಎಲ್ಲಿದ್ದಾನೆ ಅಂತ ಹುಡುಕಬೇಕು.

ಟಾರಿಯೆಲ್ ಅನ್ನುವ ಹೊಸ ಪಾತ್ರ ತಂದಿದ್ದರ ಬಗ್ಗೆ ನನ್ನ ತಕರಾರಿಲ್ಲ. ಪುಸ್ತಕದಲ್ಲಿ ಮಾತಾಡುವ ಒಂದು ಹೆಣ್ಣು ಪಾತ್ರವೂ ಇಲ್ಲ. ಇವತ್ತು ಸಿನಿಮಾ ಮಾಡುವವರು ಅದನ್ನು ಹಾಗೇ ಬಿಡಬೇಕಿರಲಿಲ್ಲ. ಆದರೆ ಬಂದವಳಿಗೆ ಕೊಟ್ಟ ಕೆಲಸ ಪ್ರೇಮ, ಅದೂ ಲೆಗೊಲಸ್ ಮತ್ತು ಕಿಲಿ ಅನ್ನುವ ಡ್ವಾರ್ಫ್ ನಡುವಿನ ತ್ರಿಕೋನ ಪ್ರೇಮ. ಅದು ಬೇಡ ಅಂತ ಮೊದಲೇ ಷರತ್ತು ಹಾಕಿದ್ದೆ, ಆಮೇಲಿನ ಶೂಟಿಂಗ್‌ನಲ್ಲಿ ಅದೇ ಬಂತು ಅಂತ ನಟಿ ಇವಾಂಜೆಲಿನ್ ಲಿಲಿ ಅವರೇ ಹೇಳಿದ್ದಾರೆ. ಕಾವಲುಪಡೆಯ ಮುಖ್ಯಸ್ಥೆ ಅಂತ ಪರಿಚಯಿಸಿ, ಕೊನೆಗೆ ಕಿಲಿಯ ಹೆಣದ ಮುಂದೆ ಕೂರಿಸಿ ಅಳಿಸುವುದು ಪಾತ್ರಕ್ಕೂ ಅನ್ಯಾಯ, ನಟಿಗೂ ಅನ್ಯಾಯ.

ಈಗ ಸ್ಮಾಗ್. ಬೆನೆಡಿಕ್ಟ್ ಕಂಬರ್‌ಬ್ಯಾಚ್ ಧ್ವನಿ, ಚಿನ್ನದ ರಾಶಿ ಜಾರಿ ಒಂದು ಕಣ್ಣು ತೆರೆಯುವುದು, ಬಿಲ್ಬೊ ಹೊಗಳಿ ಹೊಗಳಿ ಸಮಯ ಗಿಟ್ಟಿಸುವುದು ಎಲ್ಲಾ ಅದ್ಭುತ. ಪರದೆಯ ಮೇಲೆ ಇದಕ್ಕಿಂತ ಒಳ್ಳೆಯ ಡ್ರ್ಯಾಗನ್ ನಾನು ನೋಡಿಲ್ಲ. ಆದರೆ ಆ ಮಾತುಕತೆಗೆ ಮುಂಚೆ ಪುಸ್ತಕದಲ್ಲಿ ಇನ್ನೊಂದು ಸಂಗತಿ ಇದೆ. ಬಿಲ್ಬೊ ಮೊದಲ ಸಲ ಸುರಂಗದಲ್ಲಿ ಒಬ್ಬನೇ ಇಳಿಯುತ್ತಾನೆ. ಮುಂದೆ ಕೆಂಪು ಬೆಳಕು, ಗೊರಕೆಯ ಸದ್ದು. ಅವನು ನಿಲ್ಲುತ್ತಾನೆ. ಆಮೇಲೆ ಮುಂದೆ ಹೋಗುತ್ತಾನೆ. ಅವನು ಮಾಡಿದ ಅತ್ಯಂತ ಧೈರ್ಯದ ಕೆಲಸ ಅದೇ, ನಿಜವಾದ ಯುದ್ಧ ಅವನು ಗೆದ್ದದ್ದು ಅಲ್ಲೇ, ಅಪಾಯ ಕಣ್ಣಿಗೆ ಬೀಳುವ ಮುಂಚೆ, ಒಬ್ಬನೇ ಅಂತ ಟೋಲ್ಕಿನ್ ಸ್ಪಷ್ಟವಾಗಿ ಬರೆಯುತ್ತಾರೆ. ಇಡೀ ಪುಸ್ತಕದ ಜೀವ ಈ ಜಾಗದಲ್ಲಿದೆ. ಸಿನಿಮಾದಲ್ಲಿ ಬಿಲ್ಬೊನ ಧೈರ್ಯ ತೋರಿಸಲು ಮೊದಲ ಭಾಗದ ಕೊನೆಯಲ್ಲೇ ಅವನು ಕತ್ತಿ ಹಿಡಿದು ಓಡಿಹೋಗಿ ಥೋರಿನ್‌ನನ್ನು ಕಾಪಾಡುತ್ತಾನೆ, ಥೋರಿನ್ ಎಲ್ಲರ ಮುಂದೆ ಅಪ್ಪಿಕೊಳ್ಳುತ್ತಾನೆ. ಅಲ್ಲಿಗೆ ಅವನು ಬೆಳೆದದ್ದು ಮುಗಿಯಿತು. ಎರಡನೇ ಭಾಗದ ಸುರಂಗ ಬರೀ ದಾರಿ ಆಗಿಬಿಟ್ಟಿತು.

ಆಮೇಲೆ ಆ ಒಳ್ಳೆಯ ಮಾತುಕತೆಯ ಹಿಂದೆಯೇ ಕುಲುಮೆಗಳು ಹೊತ್ತಿಕೊಂಡು, ಡ್ವಾರ್ಫ್‌ಗಳು ಡ್ರ್ಯಾಗನ್ ಜೊತೆ ಓಡಾಟ ನಡೆಸಿ, ದೊಡ್ಡ ಚಿನ್ನದ ವಿಗ್ರಹ ಎರಕ ಹೊಯ್ದು, ಅದು ಕರಗಿ ಸ್ಮಾಗ್ ಮೇಲೆ ಸುರಿಯುತ್ತದೆ. ಪುಸ್ತಕದಲ್ಲಿ ಇದು ಯಾವುದೂ ಇಲ್ಲ. ಯಾಕೆ ಬೇಕಾಯಿತು ಅಂತ ಅರ್ಥವಾಗುತ್ತದೆ. ಪುಸ್ತಕದಲ್ಲಿ ಥೋರಿನ್ ಮತ್ತು ಸ್ಮಾಗ್ ಎದುರುಬದುರು ಆಗುವುದೇ ಇಲ್ಲ. ಡ್ರ್ಯಾಗನ್ ಕೊಲ್ಲುವುದು ಆ ಅಧ್ಯಾಯದಲ್ಲೇ ಹೆಸರು ಕೇಳಿಬರುವ ಬಾರ್ಡ್ ಅನ್ನುವ ಬಿಲ್ಲುಗಾರ. ಸಿನಿಮಾಗೆ ಇದು ಕಷ್ಟ, ಬಾರ್ಡ್‌ನನ್ನು ಮೊದಲೇ ದೋಣಿಯವನಾಗಿ ತಂದು ಮನೆ, ಮಕ್ಕಳು ಕೊಟ್ಟದ್ದು ಒಳ್ಳೆಯ ಕೆಲಸ.

ಆದರೆ ಅಲ್ಲೊಂದು ಸಣ್ಣ ಹಕ್ಕಿ ಬಿಟ್ಟುಹೋಯಿತು. ಪುಸ್ತಕದಲ್ಲಿ ಬಿಲ್ಬೊ ಸ್ಮಾಗ್‌ನನ್ನು ಹೊಗಳುತ್ತಾ ಅದರ ಎದೆಯ ಎಡಗಡೆ ಕವಚ ಇಲ್ಲದ ಜಾಗ ನೋಡಿಕೊಳ್ಳುತ್ತಾನೆ. ಅದನ್ನು ಡ್ವಾರ್ಫ್‌ಗಳಿಗೆ ಹೇಳುವಾಗ ಪಕ್ಕದಲ್ಲೇ ಕೂತ ಒಂದು ಥ್ರಶ್ ಹಕ್ಕಿ ಕೇಳಿಸಿಕೊಂಡು, ಹಾರಿಹೋಗಿ ಬಾರ್ಡ್‌ನ ಕಿವಿಯಲ್ಲಿ ಹೇಳುತ್ತದೆ. ಬಾಣ ಬಾರ್ಡ್‌ನದು, ಕಣ್ಣು ಬಿಲ್ಬೊನದು. ಸಿನಿಮಾದಲ್ಲಿ ಬಿಲ್ಬೊ ಆ ಜಾಗವನ್ನು ನೋಡುತ್ತಾನೆ, ಆದರೆ ಸುದ್ದಿ ಎಲ್ಲೂ ಹೋಗುವುದಿಲ್ಲ. ಬಾರ್ಡ್ ತಾನೇ ಕಂಡುಕೊಂಡು ಹೊಡೆಯುತ್ತಾನೆ. ಎಂಟು ಗಂಟೆಯಲ್ಲಿ ಒಂದು ಹಕ್ಕಿ ಹಾರಲು ಅರ್ಧ ನಿಮಿಷ ಇರಲಿಲ್ಲವಾ? ನನಗೆ ಅತ್ಯಂತ ಬೇಜಾರಾದದ್ದು ಇದಕ್ಕೇ, ಅಝೋಗ್‌ಗಿಂತ, ಮೊಲದ ಗಾಡಿಗಿಂತ ಜಾಸ್ತಿ.

ಅಝೋಗ್ ಅಂದ ಮೇಲೆ ಅದೂ ಒಂದು ಮಾತು. ಅನುಬಂಧದ ಪ್ರಕಾರ ಈ ಆರ್ಕ್ ದೊರೆ ಕತೆ ಶುರುವಾಗುವುದಕ್ಕೆ ನೂರು ವರ್ಷಕ್ಕೂ ಮುಂಚೆ ಡಾಯಿನ್ ಅನ್ನುವ ಡ್ವಾರ್ಫ್ ಕೈಯಲ್ಲಿ ಸತ್ತಿರುತ್ತಾನೆ, ಕೊನೆಯ ಯುದ್ಧಕ್ಕೆ ಬರುವುದು ಅವನ ಮಗ ಬೋಲ್ಗ್. ಸಿನಿಮಾ ಅವನನ್ನು ಬದುಕಿಸಿ ಮೂರೂ ಭಾಗ ಹಿಂದೆ ಬೆನ್ನಟ್ಟಿಸಿತು, ಅಂದರೆ ಅಪಾಯಕ್ಕೆ ಒಂದು ಮುಖ ಬೇಕು ಅನ್ನುವ ಲೆಕ್ಕ. ಇನ್ನು ಕೊನೆಯಲ್ಲಿ ಲೆಗೊಲಸ್‌ಗೆ ಅವನ ಅಪ್ಪ ಸ್ಟ್ರೈಡರ್ ಅನ್ನುವ ಯುವಕನನ್ನು ಹುಡುಕು ಅನ್ನುತ್ತಾನೆ. ಪುಸ್ತಕದ ಕಾಲಗಣನೆಯಲ್ಲಿ ಆ ಹೊತ್ತಿಗೆ ಈ ಸ್ಟ್ರೈಡರ್‌ಗೆ, ಅಂದರೆ ಮುಂದಿನ ಕತೆಯ ಅರಗಾರ್ನ್‌ಗೆ, ಹತ್ತು ವರ್ಷ. ಮುಂದಿನ ಸಿನಿಮಾಗೆ ಕೊಂಡಿ ಹಾಕುವ ಆತುರ ಇಷ್ಟಿತ್ತು.

ಕೊನೆಯ ಯುದ್ಧ ಪುಸ್ತಕದಲ್ಲಿ ಕೆಲವೇ ಪುಟ. ನಡುವೆ ಬಿಲ್ಬೊನ ತಲೆಗೆ ಕಲ್ಲು ಬಿದ್ದು ಎಚ್ಚರ ತಪ್ಪುತ್ತದೆ, ಏಳುವಷ್ಟರಲ್ಲಿ ಎಲ್ಲಾ ಮುಗಿದಿರುತ್ತದೆ. ಮೊದಲನೇ ಮಹಾಯುದ್ಧದಲ್ಲಿ ಸೋಮ್ ಕದನ ಕಂಡು ಬಂದ ಟೋಲ್ಕಿನ್ ಯುದ್ಧವನ್ನು ಹೀಗೆ, ಆಮೇಲಿನ ಮೌನದಿಂದ ಹೇಳಿದರು. ಸಿನಿಮಾದಲ್ಲಿ ಅದು ಮುಕ್ಕಾಲು ಗಂಟೆ. ಮೂರನೇ ಭಾಗಕ್ಕೆ ಮೊದಲು ಇಟ್ಟಿದ್ದ ಹೆಸರು 'ದೇರ್ ಅಂಡ್ ಬ್ಯಾಕ್ ಅಗೇನ್', ಪುಸ್ತಕದ ಉಪಶೀರ್ಷಿಕೆ ಅದು, ಬಿಲ್ಬೊ ತನ್ನ ಕತೆಗೆ ತಾನೇ ಇಟ್ಟ ಹೆಸರು. 2014ರ ಏಪ್ರಿಲ್‌ನಲ್ಲಿ ಅದನ್ನು ತೆಗೆದು 'ದಿ ಬ್ಯಾಟಲ್ ಆಫ್ ದಿ ಫೈವ್ ಆರ್ಮೀಸ್' ಅಂತ ಮಾಡಿದರು. ಸಿನಿಮಾ ಯಾರದು ಆಗಿಬಿಟ್ಟಿದೆ ಅನ್ನುವುದು ಅವರಿಗೂ ಆಗ ಗೊತ್ತಾಗಿತ್ತು ಅನ್ನಿಸುತ್ತದೆ.

ದುಡ್ಡಿನ ಲೆಕ್ಕದಲ್ಲಿ ಸೋಲಲಿಲ್ಲ. ಮೊದಲ ಭಾಗ ನೂರು ಕೋಟಿ ಡಾಲರ್ ದಾಟಿತು, ಉಳಿದ ಎರಡೂ ಅದರ ಹತ್ತಿರ ಬಂದವು. ಆದರೆ ಸಿನಿಮಾ ಬಂದ ಮೇಲೆ ಅಭಿಮಾನಿಗಳು ತಾವೇ ಕತ್ತರಿ ಹಿಡಿದು, ನೆಕ್ರೋಮ್ಯಾನ್ಸರ್‌ನ ಕೋಟೆ ಡೋಲ್ ಗುಲ್ಡುರ್ ತೆಗೆದು, ಪ್ರೇಮ ತೆಗೆದು, ಅಝೋಗ್‌ನನ್ನು ಸಾಧ್ಯವಾದಷ್ಟು ತೆಗೆದು, ನಾಲ್ಕು ಗಂಟೆಯ ಆಸುಪಾಸಿಗೆ ತಂದ ಆವೃತ್ತಿಗಳು ಸಾಕಷ್ಟು ಇವೆ. ಅವುಗಳಲ್ಲಿ ಆಗುವುದು ಒಂದೇ, ಫ್ರೀಮನ್ ಮುಖ ಮತ್ತೆ ಕತೆಯ ಮಧ್ಯಕ್ಕೆ ಬರುತ್ತದೆ. ಅವರ ಅಭಿನಯ ಅಲ್ಲೇ ಇತ್ತು, ಎಲ್ಲದರ ಅಡಿಯಲ್ಲಿ.

ಇನ್ನೂ ನೋಡದವರು ಇದ್ದರೆ ನನ್ನ ಸಲಹೆ ಇಷ್ಟು. ಮೊದಲ ಭಾಗವನ್ನು ಒಗಟಿನ ದೃಶ್ಯದವರೆಗೆ ಪೂರ್ತಿ ನೋಡಿ. ಎರಡನೆಯದರಲ್ಲಿ ಬಿಲ್ಬೊ ಮತ್ತು ಸ್ಮಾಗ್ ಮಾತುಕತೆ ನೋಡಿ. ಮೂರನೆಯದರಲ್ಲಿ ಥೋರಿನ್ ಸಾಯುವ ದೃಶ್ಯ ಮತ್ತು ಅದಾದ ಮೇಲೆ ಗ್ಯಾಂಡಾಲ್ಫ್ ಬಂದು ಬಿಲ್ಬೊ ಪಕ್ಕ ಕೂತು ಮಾತಿಲ್ಲದೆ ಪೈಪ್ ಕೆರೆಯುವುದು, ಎರಡೂ ತುಂಬಾ ಚೆನ್ನಾಗಿವೆ. ಮನೆಯಲ್ಲಿ ಹತ್ತು ವರ್ಷದ ಆಸುಪಾಸಿನ ಮಕ್ಕಳಿದ್ದರೆ ಅವರಿಗೆ ಮೊದಲು ಪುಸ್ತಕ ಓದಿ ಹೇಳಿ, ಸಿನಿಮಾ ಆಮೇಲೆ ಇರಲಿ. ಸಿನಿಮಾ ಕಲಿಯಬೇಕು ಅನ್ನುವವರು ಆ ಡಿಸ್ಕ್‌ಗಳ ಸಾಕ್ಷ್ಯಚಿತ್ರಗಳನ್ನು ಬಿಡಬೇಡಿ. ಇಷ್ಟು ದೊಡ್ಡ ಸಿನಿಮಾ ಎಲ್ಲೆಲ್ಲಿ ದಾರಿ ತಪ್ಪಿತು ಅಂತ ಅದನ್ನು ಮಾಡಿದವರೇ ಗಂಟೆಗಟ್ಟಲೆ ಕೂತು ಹೇಳುವುದು ಬೇರೆ ಕಡೆ ಸಿಗುವುದು ಕಷ್ಟ.